ಕಾಗೆ ಕೂತದ್ದಕ್ಕೆ ಕೊಂಬೆ ಮುರಿಯಿತೇ?

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಸಮೀಪಿಸುತ್ತಿದ್ದಂತೆ ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನದ ಮುಂದೆ ನಿಂಬೆಹಣ್ಣು ಮಾರುವವರಿಗೆ ಬಿಡುವಿರುವುದಿಲ್ಲ. ಹೆಂಗಸರು ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮಗ್ಗುಲಿಗೆ ಮಗುಚಿ ಪುಟ್ಟ ಬಟ್ಟಲಿನಂತೆ ಮಾಡಿಕೊಳ್ಳುತ್ತಾರೆ. ಅದರಲ್ಲಿ ಎಣ್ಣೆಯನ್ನೋ ತುಪ್ಪವನ್ನೋ ಹೊಯ್ದು ಬತ್ತಿ ಇಟ್ಟರೆ ದೀಪ ಸಿದ್ಧ. ಅದು ರಾಹುಕಾಲದ ದೀಪ. ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದಲ್ಲಿ ಇಲ್ಲಿ ದೀಪ ಬೆಳಗಿದರೆ ಇಷ್ಟಾರ್ಥ ಕೈಗೂಡುತ್ತದೆ ಎಂಬುದು ಭಕ್ತರ ನಂಬಿಕೆ.

ಅದೇ ಹೊತ್ತಿಗೆ, ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ಜಯನಗರದ ಯಾವುದೋ ಮನೆಯಲ್ಲಿ ಹೊಸ ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ನಿಂತ ಮಗನನ್ನು ತಾಯಿ ತಡೆಯುತ್ತಾರೆ: ‘ನಾಲ್ಕೂವರೆ ಆಗಲಿ ಕಣೋ, ಈಗ ರಾಹುಕಾಲ.’ ಒಂದೇ ಒಂದೂವರೆ ಗಂಟೆ. ಒಂದು ಕಡೆ ಅದು ಶುಭಕ್ಕೆ ದಾರಿ, ಇನ್ನೊಂದು ಕಡೆ ಅಶುಭಕ್ಕೆ ಮೂಲ. ಇಬ್ಬರಲ್ಲಿ ಯಾರನ್ನು ಕೇಳಿದರೂ ತಮ್ಮ ಅನುಭವದಿಂದ ನಾಲ್ಕು ಉದಾಹರಣೆ ಕೊಡಬಲ್ಲರು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ಇಬ್ಬರ ಮಾತೂ ಒಟ್ಟಿಗೆ ನಿಜವಾಗಿರುವುದು ಕಷ್ಟ. ಪ್ರಾಮಾಣಿಕ ಅನುಭವದಿಂದಲೇ ತಪ್ಪು ನಂಬಿಕೆ ಹುಟ್ಟುವುದು ಹೇಗೆ ಎಂಬುದು ಮನಶ್ಶಾಸ್ತ್ರದ ದೊಡ್ಡ ಪ್ರಶ್ನೆಗಳಲ್ಲಿ ಒಂದು.

ಮೊದಲು ರಾಹುಕಾಲದ ಲೆಕ್ಕವನ್ನೇ ನೋಡಬಹುದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಭಾಗ ಮಾಡಿ ಅದರಲ್ಲಿ ಒಂದು ಭಾಗವನ್ನು ರಾಹುವಿಗೆ ಬಿಡಲಾಗುತ್ತದೆ. ಸೋಮವಾರ ಎರಡನೆಯ ಭಾಗ, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಬುಧವಾರ ಐದನೆಯದು, ಗುರುವಾರ ಆರನೆಯದು, ಮಂಗಳವಾರ ಏಳನೆಯದು, ಭಾನುವಾರ ಎಂಟನೆಯದು. ಆರು ಗಂಟೆಗೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗಿದರೆ ಪ್ರತಿ ಭಾಗಕ್ಕೆ ಒಂದೂವರೆ ಗಂಟೆ. ಎಂದರೆ ಹಗಲಿನ ಎಂಟನೇ ಒಂದು ಪಾಲು ಪ್ರತಿದಿನವೂ ರಾಹುಕಾಲ. ಹಗಲಿನಲ್ಲಿ ನಡೆಯುವ ಅವಘಡಗಳು ಎಲ್ಲ ಹೊತ್ತಿಗೂ ಸಮನಾಗಿ ಹಂಚಿಹೋಗಿದ್ದರೆ, ಎಂಟರಲ್ಲಿ ಒಂದು ಈ ಅವಧಿಯಲ್ಲೇ ಬೀಳಬೇಕು. ಅದಕ್ಕೆ ರಾಹುವಿನ ಕೈವಾಡ ಬೇಕಿಲ್ಲ, ಭಾಗಾಕಾರ ಸಾಕು.

ಆದರೆ ಮನಸ್ಸು ಭಾಗಾಕಾರ ಮಾಡುವುದಿಲ್ಲ. ರಾಹುಕಾಲದಲ್ಲಿ ಸ್ಕೂಟರ್ ಜಾರಿ ಬಿದ್ದರೆ ಆ ಸಂಗತಿ ಮನೆಯಲ್ಲಿ ಹತ್ತು ವರ್ಷ ಉಳಿಯುತ್ತದೆ. ಉಳಿದ ಏಳು ಬಾರಿ ಬೇರೆ ಹೊತ್ತಿನಲ್ಲಿ ಬಿದ್ದದ್ದು ಬರೀ ಬಿದ್ದದ್ದು ಮಾತ್ರ. ಅದಕ್ಕೆ ಕಥೆಯಿಲ್ಲ, ಆದ್ದರಿಂದ ನೆನಪೂ ಇಲ್ಲ. ರಾಹುಕಾಲದಲ್ಲೇ ಹೊರಟು ಸುಖವಾಗಿ ಮನೆ ಸೇರಿದ ಸಾವಿರಾರು ಪ್ರಯಾಣಗಳ ಲೆಕ್ಕವನ್ನಂತೂ ಯಾರೂ ಇಟ್ಟಿರುವುದಿಲ್ಲ.

ಕಾಗೆ ಮತ್ತು ತಾಳೆಹಣ್ಣು

ಇದನ್ನು ನಮ್ಮ ಹಿರಿಯರು ಗಮನಿಸಿರಲಿಲ್ಲ ಎಂದಲ್ಲ. ‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎಂಬ ಮಾತು ಕನ್ನಡಿಗರ ನಾಲಿಗೆಯ ಮೇಲೆ ಇದೆ. ಸಂಸ್ಕೃತದಲ್ಲಿ ಇದೇ ‘ಕಾಕತಾಳೀಯ ನ್ಯಾಯ’. ಕಾಗೆಯೊಂದು ಬಂದು ತಾಳೆಮರದ ಮೇಲೆ ಕೂತ ಗಳಿಗೆಯಲ್ಲೇ ಮಾಗಿದ ಹಣ್ಣು ಕಳಚಿ ಬಿತ್ತು. ನೋಡಿದವರು ಕಾಗೆಯಿಂದಲೇ ಹಣ್ಣು ಬಿತ್ತೆಂದು ತಿಳಿದರು. ಹಣ್ಣು ಹೇಗಿದ್ದರೂ ಬೀಳುವುದಿತ್ತು. ಇಂದು ಕನ್ನಡ ಪತ್ರಿಕೆಗಳಲ್ಲಿ ಆಕಸ್ಮಿಕ ಹೊಂದಾಣಿಕೆಗೆ ಬಳಸುವ ‘ಕಾಕತಾಳೀಯ’ ಎಂಬ ಪದದ ಒಳಗೆ ಈ ಕಾಗೆ ಇನ್ನೂ ಕೂತಿದೆ.

ಹಾಗಿದ್ದರೆ ಎಚ್ಚರಿಕೆಯ ಗಾದೆ ಗೊತ್ತಿದ್ದೂ ಜನ ಮತ್ತೆ ಮತ್ತೆ ಏಕೆ ಮೋಸಹೋಗುತ್ತಾರೆ? ಉತ್ತರ ಮಿದುಳಿನ ಸ್ವಭಾವದಲ್ಲಿದೆ. ಮನುಷ್ಯನ ಮಿದುಳು ಸಂಬಂಧಗಳನ್ನು ಹುಡುಕುವ ಯಂತ್ರ. ಮೋಡ ಕವಿದರೆ ಮಳೆ, ಹೊಗೆ ಎದ್ದರೆ ಬೆಂಕಿ ಎಂದು ಕಲಿತದ್ದರಿಂದಲೇ ಅವನು ಬದುಕಿ ಉಳಿದ. ವೇದಾಂತಿಗಳು ಮುಸ್ಸಂಜೆಯ ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವ ಉದಾಹರಣೆ ಕೊಡುತ್ತಾರೆ. ಅದನ್ನೇ ಜೀವವಿಜ್ಞಾನದ ಕಣ್ಣಿನಿಂದ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಹಗ್ಗವನ್ನು ಹಾವೆಂದು ತಿಳಿದವನು ಸುಮ್ಮನೆ ಹಾರಿಬೀಳುತ್ತಾನೆ, ಅಷ್ಟೆ. ಹಾವನ್ನು ಹಗ್ಗವೆಂದು ತಿಳಿದವನು ಪ್ರಾಣ ಕಳೆದುಕೊಳ್ಳುತ್ತಾನೆ. ಎರಡು ತಪ್ಪುಗಳ ಬೆಲೆ ಒಂದೇ ಅಲ್ಲದ್ದರಿಂದ, ಇಲ್ಲದ ಸಂಬಂಧವನ್ನು ಕಾಣುವ ಕಡೆಗೇ ಮಿದುಳು ವಾಲಿದೆ.

ಈ ಗುಣ ಮನುಷ್ಯನದಷ್ಟೇ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಹಸಿದ ಎಂಟು ಪಾರಿವಾಳಗಳಿಗೆ, ಅವು ಏನೇ ಮಾಡುತ್ತಿರಲಿ, ಗೊತ್ತಾದ ಅಂತರದಲ್ಲಿ ಕಾಳು ಬೀಳುವಂತೆ ಏರ್ಪಾಡು ಮಾಡಲಾಗಿತ್ತು. ಸ್ವಲ್ಪ ಕಾಲದಲ್ಲಿ ಆರು ಪಾರಿವಾಳಗಳು ಒಂದೊಂದು ವಿಚಿತ್ರ ಚಟ ಬೆಳೆಸಿಕೊಂಡವು. ಒಂದು ಗೂಡಿನೊಳಗೆ ಸುತ್ತು ಹಾಕತೊಡಗಿತು, ಇನ್ನೊಂದು ತಲೆಯನ್ನು ಮೂಲೆಗೆ ತೂರಿಸತೊಡಗಿತು. ಮೊದಲ ಬಾರಿ ಕಾಳು ಬಿದ್ದಾಗ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಿತ್ತೆಂದು ಹಕ್ಕಿ ‘ತಿಳಿದುಕೊಂಡಿತು’ ಎಂದು ಸ್ಕಿನ್ನರ್ ವಿವರಿಸಿದರು. ಈ ವಿವರಣೆಯನ್ನು ಮುಂದೆ ಕೆಲವರು ಪ್ರಶ್ನಿಸಿದ್ದುಂಟು. ಆದರೂ ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ಸೋಫಾದ ಅದೇ ಮೂಲೆ ಬಿಟ್ಟು ಏಳದೆ ಕೂತವರಿಗೆ ಆ ಪಾರಿವಾಳಗಳ ಪರಿಚಯ ಹೊಸದೇನೂ ಆಗಲಾರದು.

ಚಾಮರಾಜನಗರದ ‘ಶಾಪ’

ಕರ್ನಾಟಕದ ಮಟ್ಟಿಗೆ ಇಂಥ ನಂಬಿಕೆಗೆ ಅತ್ಯಂತ ಪ್ರಸಿದ್ಧ ಉದಾಹರಣೆ ಚಾಮರಾಜನಗರ. ಹಿಂದೆ ಅರಿಕುಠಾರ ಎಂಬ ಹೆಸರಿದ್ದ ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತು ಹಲವು ದಶಕಗಳಿಂದ ವಿಧಾನಸೌಧದ ಪಡಸಾಲೆಗಳಲ್ಲಿ ಓಡಾಡಿದೆ. ನಂಬುವವರು ಪಟ್ಟಿಯನ್ನೇ ಒಪ್ಪಿಸುತ್ತಾರೆ. ದೇವರಾಜ ಅರಸು 1980ರಲ್ಲಿ, ಗುಂಡೂರಾವ್ 1983ರಲ್ಲಿ, ರಾಮಕೃಷ್ಣ ಹೆಗಡೆ 1988ರಲ್ಲಿ, ಎಸ್.ಆರ್. ಬೊಮ್ಮಾಯಿ 1989ರಲ್ಲಿ, ವೀರೇಂದ್ರ ಪಾಟೀಲ್ 1990ರಲ್ಲಿ ಕುರ್ಚಿ ಬಿಟ್ಟರು. ಇವರೆಲ್ಲರೂ ಅಲ್ಲಿಗೆ ಹೋಗಿ ಬಂದವರು ಎಂಬುದು ಜನಜನಿತ ಕಥೆ. ಅಲ್ಲಿಂದ ಮುಂದೆ ಮುಖ್ಯಮಂತ್ರಿಗಳು ಆ ಊರನ್ನು ದೂರವಿಟ್ಟರು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆ ಹುಟ್ಟಿದಾಗ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಚಾಮರಾಜನಗರಕ್ಕೆ ಹೋದರು. ಅದೇ ವರ್ಷ ಅಧಿಕಾರವೂ ಹೋಯಿತು. ಶಾಪಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಕೇಳಲು ಪಟ್ಟಿ ಗಟ್ಟಿಯಾಗಿಯೇ ಇದೆ. ಆದರೆ ಪರೀಕ್ಷಿಸಬೇಕಾದರೆ ಒಂದಲ್ಲ, ನಾಲ್ಕು ಪಟ್ಟಿಗಳು ಬೇಕು. ಹೋದವರು ಮತ್ತು ಅಧಿಕಾರ ಕಳೆದುಕೊಂಡವರು, ಹೋದವರು ಮತ್ತು ಕಳೆದುಕೊಳ್ಳದವರು, ಹೋಗದೆ ಕಳೆದುಕೊಂಡವರು, ಹೋಗದೆ ಉಳಿದವರು. ಜನರು ಹೇಳುವುದು ಮೊದಲನೆಯ ಪಟ್ಟಿಯನ್ನು ಮಾತ್ರ.

ಮೂರನೆಯ ಪಟ್ಟಿಯನ್ನು ತುಂಬಿದರೆ ಚಿತ್ರ ಬದಲಾಗುತ್ತದೆ. ಚಾಮರಾಜನಗರವನ್ನು ದೂರವಿಟ್ಟರೆಂದು ಹೇಳಲಾಗುವ ಬಂಗಾರಪ್ಪ ಎರಡು ವರ್ಷದಲ್ಲಿ ಇಳಿದರು. ವೀರಪ್ಪ ಮೊಯಿಲಿ 1994ರ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಪಟೇಲರ ಸರ್ಕಾರ 1999ರಲ್ಲಿ ಹೋಯಿತು. ಎಸ್.ಎಂ. ಕೃಷ್ಣ 2004ರಲ್ಲಿ, ಧರ್ಮಸಿಂಗ್ 2006ರಲ್ಲಿ ಕುರ್ಚಿ ಬಿಟ್ಟರು. ದೇವೇಗೌಡರೂ 1996ರಲ್ಲಿ ಮುಖ್ಯಮಂತ್ರಿ ಪದವಿಯಿಂದ ಹೊರಟರು, ಹೊರಟದ್ದು ಪ್ರಧಾನಿಯಾಗಲು! 1980ರ ಜನವರಿಯಲ್ಲಿ ಅರಸು ನಿರ್ಗಮಿಸಿದಂದಿನಿಂದ 2013ರ ಮೇ ತಿಂಗಳವರೆಗಿನ ಸುಮಾರು 33 ವರ್ಷಗಳಲ್ಲಿ ರಾಜ್ಯ 14 ಮುಖ್ಯಮಂತ್ರಿಗಳನ್ನು ಕಂಡಿತು. ಒಬ್ಬೊಬ್ಬರ ಪಾಲಿಗೆ ಸರಾಸರಿ ಎರಡೂವರೆ ವರ್ಷವೂ ಇಲ್ಲ. ಅವರಲ್ಲಿ ಒಬ್ಬರೂ ಒಂದು ವಿಧಾನಸಭೆಯ ಐದು ವರ್ಷಗಳ ಅವಧಿಯನ್ನು ಮೊದಲಿನಿಂದ ಕೊನೆಯವರೆಗೆ ಪೂರೈಸಲಿಲ್ಲ. ಇಂಥ ಕಾಲದಲ್ಲಿ ಮುಖ್ಯಮಂತ್ರಿ ಯಾವ ಊರಿಗೆ ಹೋಗಿ ಬಂದರೂ ಎರಡು ಮೂರು ವರ್ಷದೊಳಗೆ ಅವರ ಕುರ್ಚಿ ಹೋಗುವ ಸಂಭವವೇ ಹೆಚ್ಚು. ಹುಬ್ಬಳ್ಳಿಗೂ ಮಂಗಳೂರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆ ಊರುಗಳ ಪಟ್ಟಿಯನ್ನು ಯಾರೂ ಮಾಡಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯ ಪಟ್ಟಿಗೂ ಕೊನೆಗೆ ಒಂದು ಹೆಸರು ಸಿಕ್ಕಿತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಅದೇ ವರ್ಷ ಚಾಮರಾಜನಗರಕ್ಕೆ ಹೋದರು. ಮತ್ತೆ ಮತ್ತೆ ಹೋದರು. 2018ರವರೆಗೆ ಪೂರ್ಣ ಐದು ವರ್ಷ ಆಡಳಿತ ನಡೆಸಿದರು. ದೇವರಾಜ ಅರಸರ ನಂತರ ಅವಧಿ ಪೂರೈಸಿದ ಮೊದಲಿಗರು ಅವರೇ. ನಂಬಿಕೆಗೆ ಇದಕ್ಕಿಂತ ನೇರವಾದ ಪರೀಕ್ಷೆ ಸಿಗುವುದು ಅಪರೂಪ. ಆದರೆ ಬಲವಾದ ನಂಬಿಕೆಗೆ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವ ಅಭ್ಯಾಸವಿಲ್ಲ. 2018ರ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಕಳೆದುಕೊಂಡದ್ದನ್ನು ತೋರಿಸಿ ‘ತಡವಾಗಿಯಾದರೂ ತಟ್ಟಿತಲ್ಲ’ ಎನ್ನಲು ಅಡ್ಡಿಯೇನು? 2023ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದದ್ದಕ್ಕೂ ಇನ್ನೊಂದು ವಿವರಣೆ ಹುಟ್ಟಬಹುದು. ಎಷ್ಟು ಕಾಲದೊಳಗೆ ಶಾಪ ತಟ್ಟಬೇಕು ಎಂದು ಮೊದಲೇ ಗೊತ್ತುಪಡಿಸದಿದ್ದರೆ ಅದು ಎಂದಿಗೂ ಸುಳ್ಳಾಗುವುದಿಲ್ಲ.

ಈ ಕಥೆ ಕರ್ನಾಟಕದ ಸ್ವತ್ತೂ ಅಲ್ಲ. ಉತ್ತರ ಪ್ರದೇಶದ ಮುಖ್ಯಮಂತ್ರಿಗಳು ದಶಕಗಳ ಕಾಲ ನೋಯ್ಡಾಕ್ಕೆ ಹೋಗಲು ಹೀಗೆಯೇ ಅಂಜುತ್ತಿದ್ದರು. ಯೋಗಿ ಆದಿತ್ಯನಾಥ್ 2017ರ ಡಿಸೆಂಬರಿನಲ್ಲಿ ಮೆಟ್ರೊ ಉದ್ಘಾಟನೆಗೆ ಅಲ್ಲಿಗೆ ಹೋದರು. 2022ರಲ್ಲಿ ಮತ್ತೆ ಗೆದ್ದರು. ಇಂಥ ನಂಬಿಕೆಯನ್ನು ನಗೆಯಾಡಿ ಬಿಡಬಹುದಾಗಿತ್ತು. ಆದರೆ ಅದರ ಬೆಲೆ ತೆತ್ತವರು ಮುಖ್ಯಮಂತ್ರಿಗಳಲ್ಲ. ರಾಜ್ಯದ ಗಡಿಯಂಚಿನ ಹಿಂದುಳಿದ ಜಿಲ್ಲೆಯೊಂದರ ಕೇಂದ್ರಕ್ಕೆ ಆಡಳಿತದ ಮುಖ್ಯಸ್ಥರು ವರ್ಷಗಟ್ಟಲೆ ಬರಲಿಲ್ಲ. ಅಹವಾಲು ಹೇಳಿಕೊಳ್ಳಬೇಕಾಗಿದ್ದ ಜನ ತಮ್ಮದಲ್ಲದ ತಪ್ಪಿಗೆ ಅಪಶಕುನದ ಊರಿನವರಾದರು.

ಮನಸ್ಸಿನ ಒಳದಾರಿಗಳು

ಮನಸ್ಸು ಹೀಗೆ ಅಡ್ಡದಾರಿ ಹಿಡಿಯುವ ಬಗೆಯನ್ನು ವ್ಯವಸ್ಥಿತವಾಗಿ ವಿವರಿಸಿದವರು ಇಸ್ರೇಲಿನ ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ. 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಕ್ಷೇತ್ರದ ತಳಪಾಯ. ಟ್ವರ್ಸ್ಕಿ 1996ರಲ್ಲಿ ತೀರಿಕೊಂಡರು. 2002ರಲ್ಲಿ ಕಾನಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಪೂರ್ಣ ಮಾಹಿತಿ ಇಲ್ಲದಾಗ, ಸಮಯವೂ ಇಲ್ಲದಾಗ ಮನಸ್ಸು ಕೆಲವು ಒಳದಾರಿಗಳನ್ನು ಹಿಡಿಯುತ್ತದೆ, ಅವು ಬಹಳ ಸಲ ಸರಿಯಾದ ಜಾಗಕ್ಕೇ ತಲುಪಿಸುತ್ತವೆ, ಕೆಲವು ಸಲ ಎಲ್ಲರನ್ನೂ ಒಂದೇ ಗುಂಡಿಗೆ ಬೀಳಿಸುತ್ತವೆ ಎಂಬುದು ಅವರ ವಾದದ ತಿರುಳು.

ಅಂಥ ಒಂದು ಒಳದಾರಿ ‘ಹೋಲಿಕೆ’. ಗಾಂಧಿ ಬಜಾರಿನಲ್ಲಿ ಒಬ್ಬರು ಬಿಳಿ ಪಂಚೆ, ಜುಬ್ಬಾ ತೊಟ್ಟು ಕಾಫಿ ಕುಡಿಯುತ್ತಿದ್ದಾರೆ. ಪಕ್ಕದ ಅಂಗಡಿಯ ರೇಡಿಯೋದಲ್ಲಿ ಆಲಾಪನೆ ಶುರುವಾದ ಕೂಡಲೇ ‘ಖರಹರಪ್ರಿಯ’ ಎಂದು ರಾಗ ಗುರುತಿಸುತ್ತಾರೆ. ಬೆರಳುಗಳು ತಾಳ ಹಾಕುತ್ತವೆ. ಇವರು ಸಂಗೀತ ವಿದ್ವಾಂಸರೇ, ನಿವೃತ್ತ ಬ್ಯಾಂಕ್ ನೌಕರರೇ? ಬಹುಮಂದಿ ವಿದ್ವಾಂಸರೆಂದೇ ಹೇಳುತ್ತಾರೆ. ಆದರೆ ಬೆಂಗಳೂರಿನಲ್ಲಿ ವೃತ್ತಿನಿರತ ವಿದ್ವಾಂಸರಿಗಿಂತ ನಿವೃತ್ತ ಬ್ಯಾಂಕ್ ನೌಕರರ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದು. ಅವರಲ್ಲಿ ರಾಗ ಬಲ್ಲ ರಸಿಕರೇನೂ ಕಡಿಮೆಯಿಲ್ಲ. ಲೆಕ್ಕದ ಪ್ರಕಾರ ಅವರು ಬ್ಯಾಂಕಿನವರಾಗಿರುವ ಸಾಧ್ಯತೆಯೇ ಹೆಚ್ಚು. ಮನಸ್ಸು ರೂಪವನ್ನು ನೋಡಿತು, ಸಂಖ್ಯೆಯನ್ನು ಮರೆಯಿತು.

ಇನ್ನೊಂದು ಒಳದಾರಿ ‘ಸುಲಭ ನೆನಪು’. ಯಾವುದರ ಉದಾಹರಣೆ ಬೇಗ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತದೆ ಎಂದು ಮನಸ್ಸು ಎಣಿಸುತ್ತದೆ. ವಿಮಾನ ಬಿದ್ದ ಸುದ್ದಿ ಮುಖಪುಟದಲ್ಲಿ ಬರುವುದರಿಂದ ವಿಮಾನ ಹತ್ತಲು ಹೆದರುವವನು, ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನದಲ್ಲಿ ರಿಂಗ್ ರಸ್ತೆಯಲ್ಲಿ ಹೋಗಲು ಹೆದರುವುದಿಲ್ಲ.

ಆಕಸ್ಮಿಕ ಎಷ್ಟು ಸಾಮಾನ್ಯ ಎಂಬುದನ್ನೂ ಮನಸ್ಸು ಊಹಿಸಲಾರದು. ತರಗತಿಯಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. 50 ಮಕ್ಕಳಿದ್ದರೆ ನೂರಕ್ಕೆ 97. ಇನ್ನೊಂದು ಲೆಕ್ಕ: ಒಬ್ಬ ಮನುಷ್ಯನಿಗೆ ಒಂದು ದಿನದಲ್ಲಿ ನಡೆಯುವ ಸಂಭವ ಲಕ್ಷಕ್ಕೆ ಒಂದರಷ್ಟು ಮಾತ್ರ ಇರುವ ವಿಸ್ಮಯ, ಕೋಟಿ ಜನರನ್ನು ಮೀರಿದ ಬೆಂಗಳೂರಿನಲ್ಲಿ ಪ್ರತಿದಿನ ನೂರಕ್ಕಿಂತ ಹೆಚ್ಚು ಮಂದಿಗೆ ನಡೆಯಬೇಕು. ಕನಸಿನಲ್ಲಿ ಬಂದ ಸೋದರಮಾವ ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದರೆ ಆ ಮನೆಯವರು ಬೆರಗಾಗುವುದು ಸಹಜ. ಕನಸಿಗೆ ಬಂದೂ ಮನೆಗೆ ಬಾರದ ಮಾವಂದಿರ ಸುದ್ದಿ ಮಾತ್ರ ಎಲ್ಲೂ ಹೊರಗೆ ಬರುವುದಿಲ್ಲ.

‘ನಾಳೆ ಬಾ’

1990ರ ದಶಕದಲ್ಲಿ ಬೆಂಗಳೂರಿನ ಅನೇಕ ಮನೆಗಳ ಬಾಗಿಲ ಮೇಲೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದ ಎರಡು ಪದಗಳು ಕಾಣಿಸಿಕೊಂಡವು: ‘ನಾಳೆ ಬಾ’. ರಾತ್ರಿ ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ವದಂತಿ ಹಬ್ಬಿತ್ತು. ಬರಹ ಓದಿದ ದೆವ್ವ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಬರೆದ ಮನೆಗಳಿಗೆ ದೆವ್ವ ಬರಲಿಲ್ಲ, ಆದ್ದರಿಂದ ಬರಹ ಫಲಿಸಿತು ಎಂಬುದು ತರ್ಕ. ಬರೆಯದ ಮನೆಗಳಿಗೂ ಬರಲಿಲ್ಲವಲ್ಲ ಎಂದು ಕೇಳಿದವರು ಕಡಿಮೆ.

ತಾನು ನಂಬಿದ್ದಕ್ಕೆ ಪುಷ್ಟಿ ಕೊಡುವ ಸಾಕ್ಷಿಯನ್ನಷ್ಟೇ ಮನುಷ್ಯ ಹುಡುಕುತ್ತಾನೆ ಎಂಬುದನ್ನು ಬ್ರಿಟನ್ನಿನ ಪೀಟರ್ ವಾಸನ್ 1960ರಲ್ಲಿ ಸರಳ ಪ್ರಯೋಗದಿಂದ ತೋರಿಸಿದರು. 2, 4, 6 ಎಂಬ ಮೂರು ಅಂಕಿಗಳು ಒಂದು ನಿಯಮವನ್ನು ಅನುಸರಿಸುತ್ತವೆ. ಬೇರೆ ಅಂಕಿಗಳನ್ನು ಹೇಳಿ ಆ ನಿಯಮವನ್ನು ಕಂಡುಹಿಡಿಯಿರಿ ಎಂದು ಕೇಳಲಾಯಿತು. ಬಹುಪಾಲು ಜನ 8, 10, 12 ಎನ್ನುವಂಥ ಉತ್ತರಗಳನ್ನೇ ಹೇಳಿ, ‘ಹೌದು’ ಎನಿಸಿಕೊಂಡು, ‘ಎರಡೆರಡಾಗಿ ಏರುವ ಅಂಕಿ’ ಎಂಬ ನಿರ್ಧಾರಕ್ಕೆ ಬಂದರು. ನಿಜವಾದ ನಿಯಮ ‘ಏರುತ್ತ ಹೋಗುವ ಯಾವುದೇ ಮೂರು ಅಂಕಿ’ ಎಂದಷ್ಟೇ ಇತ್ತು. 1, 2, 50 ಎಂದು ಒಮ್ಮೆ ಕೇಳಿದ್ದರೂ ತಪ್ಪು ಗೊತ್ತಾಗುತ್ತಿತ್ತು. ತನ್ನ ಊಹೆಯನ್ನು ಮುರಿಯಬಲ್ಲ ಪ್ರಶ್ನೆ ಕೇಳುವುದು ಮನಸ್ಸಿಗೆ ಸುಲಭವಲ್ಲ.

ಅಂಥ ಪ್ರಶ್ನೆಗಳನ್ನು ಕೇಳುವುದನ್ನೇ ಬದುಕಿನ ಕೆಲಸ ಮಾಡಿಕೊಂಡಿದ್ದವರು ದಕ್ಷಿಣ ಬೆಂಗಳೂರಿನ ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಅವರು ಭೌತಶಾಸ್ತ್ರದ ಮೇಷ್ಟರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದರೂ ಖಾದಿ ಪಂಚೆ, ಜುಬ್ಬಾ, ಟೋಪಿ ಬಿಡಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಅವರ ಮನೆ. 1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ವಿದ್ಯಾರ್ಥಿಗಳಿಂದ ಹಿಡಿದು ನಿವೃತ್ತರವರೆಗೆ ಎಲ್ಲರಿಗೂ ಬಾಗಿಲು ತೆರೆದಿತ್ತು. ಜಯನಗರದ ನ್ಯಾಷನಲ್ ಕಾಲೇಜು ಆವರಣದ ಕಲಾಕ್ಷೇತ್ರ ಇಂದು ಅವರ ಹೆಸರನ್ನು ಹೊತ್ತಿದೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಶೂನ್ಯದಿಂದ ವಸ್ತು ಸೃಷ್ಟಿಸುತ್ತಾರೆಂದು ಹೆಸರಾಗಿದ್ದ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಸಮಿತಿಯ ಮುಂದೆ ಅದನ್ನು ತೋರಿಸುವಂತೆ ಕೋರಿದರು. ಅದು ಕೂಡಿಬರಲಿಲ್ಲ. ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆ ಎಂದು ಟೀಕಿಸಿದವರಿದ್ದರು, ವಿಶ್ವವಿದ್ಯಾಲಯವಲ್ಲದೆ ಇನ್ನಾರು ಕೇಳಬೇಕು ಎಂದವರೂ ಇದ್ದರು. ಸಮಿತಿಯ ಹೆಸರಿನಲ್ಲೇ ಒಂದು ಸೂಕ್ಷ್ಮವಿದೆ. ಅವರು ಪರೀಕ್ಷಿಸಹೊರಟದ್ದು ‘ಪರೀಕ್ಷಿಸಬಹುದಾದ’ ನಂಬಿಕೆಗಳನ್ನು ಮಾತ್ರ. ದೇವರಿದ್ದಾನೆಯೇ ಎಂಬುದು ಪ್ರಯೋಗಶಾಲೆಯ ಪ್ರಶ್ನೆಯಲ್ಲ. ಗಾಳಿಯಿಂದ ವಿಭೂತಿ ಬರುತ್ತದೆಯೇ ಎಂಬುದು ಹೌದು.

ಪರೀಕ್ಷೆ ಎಂದರೆ ನೋಡಿದವರನ್ನು ಸುಳ್ಳರೆನ್ನುವುದಲ್ಲ ಎಂಬುದು 1995ರ ಸೆಪ್ಟೆಂಬರ್ 21ರ ಗುರುವಾರ ಚೆನ್ನಾಗಿ ಸ್ಪಷ್ಟವಾಯಿತು. ಅಂದು ಗಣೇಶನ ವಿಗ್ರಹ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ದೆಹಲಿಯಿಂದ ಹೊರಟು ಕೆಲವೇ ಗಂಟೆಗಳಲ್ಲಿ ದೇಶ ವಿದೇಶಗಳಿಗೆ ಹಬ್ಬಿತು. ಬೆಂಗಳೂರಿನ ಬಡಾವಣೆಗಳಲ್ಲೂ ಜನ ಹಾಲಿನ ಲೋಟ, ಚಮಚ ಹಿಡಿದು ದೇವಸ್ಥಾನಗಳಿಗೆ ನಡೆದರು. ಚಮಚದ ಹಾಲು ಕಡಿಮೆಯಾದದ್ದು ನಿಜ. ತಪ್ಪಿದ್ದು ಅದಕ್ಕೆ ಕೊಟ್ಟ ಕಾರಣದಲ್ಲಿ. ತುಂಬಿದ ಚಮಚವನ್ನು ಕಲ್ಲಿಗೆ ತಾಗಿಸಿ ಸ್ವಲ್ಪ ಓರೆ ಮಾಡಿದಾಗ ದ್ರವದ ಮೇಲ್ಮೈ ಸೆಳೆತದಿಂದ ಹಾಲು ಕಲ್ಲಿಗೆ ಅಂಟಿ, ತೆಳು ಪದರವಾಗಿ ಕೆಳಗಿಳಿಯುತ್ತದೆ. ಒದ್ದೆಯಾದ ವಿಗ್ರಹದ ಮೇಲೆ ಆ ಪದರ ಕಣ್ಣಿಗೆ ಬೀಳುವುದಿಲ್ಲ. ಕೇಂದ್ರ ವಿಜ್ಞಾನ ಇಲಾಖೆಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕೊಟ್ಟಾಗ ಅದು ಇಳಿದುಹೋದ ಜಾಡು ಎಲ್ಲರಿಗೂ ಕಂಡಿತು.

ಜೀವಕ್ಕೆ ಬಂದಾಗ

ರಾಹುಕಾಲಕ್ಕೆ ಅರ್ಧ ಗಂಟೆ ಕಾದರೆ ನಷ್ಟವೇನು ಎಂದು ಕೇಳಬಹುದು. ಹೆಚ್ಚಿನ ನಷ್ಟವಿಲ್ಲ. ಆದರೆ ಅದೇ ಮನಸ್ಸು, ಅದೇ ಒಳದಾರಿ ಹಿಡಿದು ಬೇರೆ ಕಡೆಗೂ ಹೋಗುತ್ತದೆ.

ಮಗುವಿಗೆ ಜ್ವರ ಏರಿದಾಗ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಮರುದಿನ ಜ್ವರ ಇಳಿಯುತ್ತದೆ. ದೃಷ್ಟಿ ತೆಗೆದದ್ದು ಜ್ವರ ತುತ್ತತುದಿಗೆ ಏರಿದಾಗ. ತುದಿಗೆ ಏರಿದ್ದು ಸಾಮಾನ್ಯವಾಗಿ ಇಳಿಯಲೇಬೇಕು. ಸಾಧಾರಣ ನೆಗಡಿ ಜ್ವರದಲ್ಲಿ ಇದರಿಂದ ತೊಂದರೆಯಿಲ್ಲ. ಹಾವು ಕಡಿತದ ವಿಷಯ ಹಾಗಲ್ಲ. ನಮ್ಮ ಹೊಲಗದ್ದೆಗಳಲ್ಲಿ ಕಾಣುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಕೆಲವೊಮ್ಮೆ ವಿಷ ಇಳಿದಿರುವುದಿಲ್ಲ. ಇಂಥವರೆಲ್ಲ ಮಂತ್ರ ಹಾಕಿಸಿಕೊಂಡು ಬದುಕುತ್ತಾರೆ. ಮಂತ್ರವಾದಿಯ ಕೀರ್ತಿ ಬೆಳೆಯುತ್ತದೆ. ನಾಗರಹಾವೋ ಕೊಳಕುಮಂಡಲವೋ ನಿಜಕ್ಕೂ ವಿಷ ಇಳಿಸಿದಾಗ ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು ಬೇಕಾದ ಹೊತ್ತು ಮಂತ್ರದಲ್ಲಿ ಕಳೆದುಹೋಗುತ್ತದೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ, ಬದುಕಿದವರು ಊರೆಲ್ಲ ಹೇಳುತ್ತಾರೆ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತರೆಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಮಂತ್ರವಾದಿಯ ಪಟ್ಟಿಯಲ್ಲಿ ಬಿಟ್ಟುಹೋದವರನ್ನು ಎಣಿಸಲು ಇದು ಒಂದು ದಾರಿ.

ಮನುಷ್ಯರ ಬಗೆಗಿನ ತಪ್ಪು ನಂಬಿಕೆ ಇನ್ನೂ ಕ್ರೂರ. 2012ರ ಆಗಸ್ಟಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಮೊಬೈಲ್ ಸಂದೇಶಗಳನ್ನು ನಂಬಿ ಸಾವಿರಾರು ಯುವಕ ಯುವತಿಯರು ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. 2018ರ ಮೇ ತಿಂಗಳಿನಲ್ಲಿ ಮಕ್ಕಳ ಕಳ್ಳರು ನಗರಕ್ಕೆ ಬಂದಿದ್ದಾರೆಂಬ ವಾಟ್ಸ್ಆ್ಯಪ್ ಸಂದೇಶಗಳು ಹರಿದಾಡುತ್ತಿದ್ದವು. ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಆತ ಮಕ್ಕಳ ಕಳ್ಳನಲ್ಲ. ಹೊಡೆದವರ ಮನಸ್ಸಿನಲ್ಲಿ ಎರಡೂ ಒಳದಾರಿಗಳು ಒಂದುಗೂಡಿದ್ದವು ಎನ್ನಬಹುದು. ಸಂದೇಶದ ಚಿತ್ರ ಸುಲಭವಾಗಿ ನೆನಪಿಗೆ ಬರುತ್ತಿತ್ತು. ಪರಭಾಷೆ ಆಡುವ ಅಪರಿಚಿತ ಆ ಚಿತ್ರಕ್ಕೆ ಹೋಲುತ್ತಿದ್ದ. ಗಾಂಧಿ ಬಜಾರಿನ ಪಂಚೆಯವರನ್ನು ವಿದ್ವಾಂಸರೆಂದು ತಪ್ಪು ತಿಳಿದ ಮನಸ್ಸಿಗೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ ಎಂಬುದೇ ಗಾಬರಿ ಹುಟ್ಟಿಸುವ ಸಂಗತಿ.

ನರಬಲಿ, ಮಾಟ ಮಂತ್ರದ ಹೆಸರಿನ ಹಿಂಸೆಯಂಥ ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕ 2017ರಲ್ಲಿ ಕಾಯ್ದೆಯೊಂದನ್ನು ಮಾಡಿತು. ಅದು 2020ರಲ್ಲಿ ಜಾರಿಗೆ ಬಂತು. ಕಾಯ್ದೆ ಕೃತ್ಯವನ್ನು ಶಿಕ್ಷಿಸಬಲ್ಲದು. ನಂಬಿಕೆ ಹುಟ್ಟುವ ಜಾಗಕ್ಕೆ ಅದರ ಕೈ ತಲುಪುವುದಿಲ್ಲ. ಓದು ಬರಹ ಒಂದೇ ಇದಕ್ಕೆ ಮದ್ದು ಎನ್ನುವಂತೆಯೂ ಇಲ್ಲ. ಕಾನಮನ್ ಮತ್ತು ಟ್ವರ್ಸ್ಕಿ ಸಂಖ್ಯಾಶಾಸ್ತ್ರ ಬಲ್ಲ ತಜ್ಞರನ್ನೇ ಪರೀಕ್ಷಿಸಿದಾಗ, ಎಚ್ಚರ ತಪ್ಪಿದಾಗ ಅವರೂ ಅದೇ ತಪ್ಪು ಮಾಡಿದ್ದು ಕಂಡುಬಂದಿತ್ತು.

ಉಳಿದಿರುವುದು ಅಭ್ಯಾಸ. ನಮ್ಮ ನೈಯಾಯಿಕರು ಕಾರಣವನ್ನು ಗೊತ್ತುಮಾಡಲು ‘ಅನ್ವಯ’ ಮತ್ತು ‘ವ್ಯತಿರೇಕ’ ಎಂಬ ಎರಡು ಒರೆಗಲ್ಲುಗಳನ್ನು ಬಳಸಿದರು. ಇದು ಇದ್ದಲ್ಲಿ ಅದೂ ಇದೆಯೇ ಎಂದು ನೋಡುವುದು ಅನ್ವಯ. ಇದು ಇಲ್ಲದಲ್ಲಿ ಅದೂ ಇಲ್ಲವೇ ಎಂದು ನೋಡುವುದು ವ್ಯತಿರೇಕ. ಚಾಮರಾಜನಗರದ ನಾಲ್ಕು ಪಟ್ಟಿಗಳು ಇದರ ಇನ್ನೊಂದು ರೂಪ. ಯಾರಾದರೂ ‘ನನ್ನ ಅನುಭವದಲ್ಲಿ ಹೀಗೇ ಆಗಿದೆ’ ಎಂದಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಆಗದೆ ಹೋದದ್ದು ಎಷ್ಟು ಸಲ? ಏನೂ ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು? ಯಾವ ಸಾಕ್ಷಿ ಸಿಕ್ಕರೆ ಈ ನಂಬಿಕೆಯನ್ನು ಬಿಡಬಹುದು? ಮೂರನೆಯ ಪ್ರಶ್ನೆಗೆ ‘ಯಾವುದೂ ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿ ಅನುಭವದ ಮಾತು ಮುಗಿದಿದೆ ಎಂದು ತಿಳಿಯಬೇಕು.

ನಾಲ್ಕೂವರೆಗೆ ರಾಹುಕಾಲ ಮುಗಿಯುತ್ತದೆ. ಬನಶಂಕರಿಯ ಅಂಗಳದಲ್ಲಿ ನಿಂಬೆಯ ದೀಪಗಳು ಒಂದೊಂದಾಗಿ ಆರುತ್ತವೆ. ಕಷ್ಟವನ್ನು ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಂಡ ಹೆಂಗಸರು ಬಸ್ ನಿಲ್ದಾಣದ ಕಡೆಗೆ ಹೊರಡುತ್ತಾರೆ. ಆ ಸಮಾಧಾನ ಯಾವ ಪರೀಕ್ಷೆಗೂ ಸಿಕ್ಕುವಂಥದಲ್ಲ, ಸಿಕ್ಕಬೇಕಾಗಿಯೂ ಇಲ್ಲ. ಜಯನಗರದ ಮನೆಯಲ್ಲಿ ಅದೇ ಗಳಿಗೆಗೆ ಹೊಸ ಸ್ಕೂಟರ್ ಹೊರಡುತ್ತದೆ. ಮಗ ಕ್ಷೇಮವಾಗಿ ಹಿಂದಿರುಗಿದರೆ ತಾಯಿ ಒಳ್ಳೆಯ ಹೊತ್ತಿನಲ್ಲಿ ಕಳಿಸಿದೆನೆಂದು ನೆಮ್ಮದಿಪಡುತ್ತಾರೆ. ಆದರೆ ಅವನು ಹೆಲ್ಮೆಟ್ ಹಾಕಿಕೊಂಡು ಹೋದನೇ ಎಂದು ಯಾರಾದರೂ ನೋಡಿದ್ದರೆ ಒಳ್ಳೆಯದಿತ್ತು.